ತಲೆಮಾರಿನ ಬೇಟೆ: ರಾಯಚೂರು, ದೇವದುರ್ಗ, ಮಾನ್ವಿ ಸೀಮೆ

ತಲೆಮಾರಿನ ಬೇಟೆ ಎಂದರೆ ಕಾಡುಪ್ರಾಣಿ ಮತ್ತು ಹಕ್ಕಿಗಳನ್ನು ಬೆನ್ನಟ್ಟಿ ಹಿಡಿಯುವ ಇಲ್ಲವೆ ಕೊಲ್ಲುವ ವಿದ್ಯೆಯನ್ನು ಮನೆಯ, ಕೇರಿಯ ಅಥವಾ ಕುಲದ ಹಿರಿಯರು ಕಿರಿಯರಿಗೆ ಬಯಲಲ್ಲೇ ಕಲಿಸಿ ಮುಂದುವರಿಸಿಕೊಂಡು ಬಂದ ಪದ್ಧತಿ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್ ಪ್ರದೇಶದಲ್ಲಿ, ಅದರಲ್ಲೂ ಕೃಷ್ಣೆಯ ಕಡೆಗಿರುವ ದೇವದುರ್ಗ, ತುಂಗಭದ್ರೆಯ ಕಡೆಗಿರುವ ಮಾನ್ವಿ ಮತ್ತು ಎರಡಕ್ಕೂ ಆಡಳಿತದ ನೆಲೆಯಾದ ರಾಯಚೂರು ನಗರದ ಸುತ್ತಮುತ್ತ ಈ ಪದ್ಧತಿಗೆ ದೀರ್ಘ ಇತಿಹಾಸವಿದೆ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಿಂದಾಗಿ ಬೇಟೆ ಅಪರಾಧವಾಗಿದೆ. ಆದರೂ ಹಬ್ಬದ ಆಚರಣೆ, ಬೇಟೆನಾಯಿ ಸಾಕಣೆ ಮತ್ತು ಸಮುದಾಯದ ನೆನಪುಗಳ ರೂಪದಲ್ಲಿ ಅದು ಇಂದಿನ ಯುವಕರವರೆಗೂ ಬಂದಿದೆ.

ಪರಿಭಾಷೆ

ಬೇಟೆಗೆ ಈ ಭಾಗದಲ್ಲಿ ಶಿಕಾರಿ ಎಂಬ ಮಾತೂ ಅಷ್ಟೇ ಬಳಕೆಯಲ್ಲಿದೆ. ಹೈದರಾಬಾದ್ ಸಂಸ್ಥಾನದ ಉರ್ದು ಆಡಳಿತ ಬಿಟ್ಟುಹೋದ ಮಾತುಗಳಲ್ಲಿ ಇದೂ ಒಂದು. ಚಿಗರಿ ಎಂದರೆ ಕೃಷ್ಣಮೃಗ. ಸೋಹು ಎಂದರೆ ಗದ್ದಲವೆಬ್ಬಿಸಿ, ಪೊದೆ ಬಡಿದು ಪ್ರಾಣಿಯನ್ನು ಒಂದು ದಿಕ್ಕಿಗೆ ಅಟ್ಟುವುದು. ಹಕ್ಕೆ ಎಂದರೆ ಪ್ರಾಣಿ ಮಲಗುವ ಜಾಗ. ಬೇಡ ಎಂಬುದು ಒಂದು ಸಮುದಾಯದ ಹೆಸರು, ಬೇಟೆಗಾರ ಎಂಬುದು ಕೆಲಸದ ಹೆಸರು. ಇವೆರಡನ್ನೂ ಒಂದೇ ಅರ್ಥದಲ್ಲಿ ಬಳಸುವುದು ತಪ್ಪು. ಬೇಡ ಸಮುದಾಯದ ಬಹುಪಾಲು ಜನ ಬಹು ಕಾಲದಿಂದ ಒಕ್ಕಲುತನ ಮಾಡಿಕೊಂಡು ಬಂದವರು. ಬೇಟೆಯಾಡಿದವರಲ್ಲಿ ಬೇರೆ ಜಾತಿಯ ರೈತರು, ಕುರಿಗಾಹಿಗಳು, ಜಹಗೀರುದಾರರು, ಅಧಿಕಾರಿಗಳು ಎಲ್ಲರೂ ಇದ್ದರು. ಕಾನೂನಿನ ದೃಷ್ಟಿಯಲ್ಲಿ ಬೇಟೆಯ ಅರ್ಥ ಇನ್ನೂ ವಿಶಾಲವಾದದ್ದು. ಕೊಲ್ಲುವುದಷ್ಟೇ ಅಲ್ಲ, ಉರುಲು ಹಾಕುವುದು, ಬೋನು ಇಡುವುದು, ಅಟ್ಟುವುದು, ವಿಷವಿಡುವುದು, ಮೊಟ್ಟೆ ಅಥವಾ ಗೂಡು ಕೆಡಿಸುವುದು, ಇವುಗಳಿಗೆ ಯತ್ನಿಸುವುದು ಕೂಡ ಬೇಟೆಯೇ.

ನೆಲ ಮತ್ತು ಪ್ರಾಣಿಸಂಕುಲ

ರಾಯಚೂರು ಜಿಲ್ಲೆ ದಟ್ಟ ಕಾಡಿನ ನಾಡಲ್ಲ. ಎರೆಹೊಲ, ಮಸಾರಿ ನೆಲ, ನಡುನಡುವೆ ಗುಂಡುಬಂಡೆಗಳ ಗುಡ್ಡ, ಕುರುಚಲು ಗಿಡ, ಹಳ್ಳದ ದಂಡೆಯ ಜಾಲಿ, ಇದು ಇಲ್ಲಿನ ಸಹಜ ನೋಟ. ಮಳೆ ಕಡಿಮೆ. ಹೀಗಾಗಿ ಮಲೆನಾಡಿನ ಬೇಟೆಗೂ ಇಲ್ಲಿನ ಬೇಟೆಗೂ ಮೂಲದಲ್ಲೇ ವ್ಯತ್ಯಾಸವಿದೆ. ಮಲೆನಾಡಿನಲ್ಲಿ ಮರೆಯಲ್ಲಿ ಕಾಯುವುದು ಮುಖ್ಯ. ಇಲ್ಲಿ ಬಯಲು ವಿಶಾಲ, ಮರೆ ಕಡಿಮೆ, ಪ್ರಾಣಿಗೆ ದೂರದಿಂದಲೇ ಮನುಷ್ಯ ಕಾಣುತ್ತಾನೆ. ಆದ್ದರಿಂದ ಓಟದ ನಾಯಿ, ಉದ್ದನೆಯ ಉರುಲಿನ ಸಾಲು, ಹಲವರು ಸೇರಿ ಸುತ್ತುವರಿಯುವ ಸೋಹಿನ ಬೇಟೆ ಈ ಬಯಲಿಗೆ ಹೊಂದಿ ಬೆಳೆದವು.

ಬೇಟೆಗೆ ಗುರಿಯಾದ ಪ್ರಾಣಿಗಳಲ್ಲಿ ಮೊಲ, ಚಿಗರಿ, ಕಾಡುಹಂದಿ, ಉಡ ಮತ್ತು ನೆಲಹಕ್ಕಿಗಳಾದ ಕೌಜುಗ, ಲಾವಕ್ಕಿಗಳು ಮುಖ್ಯವಾದವು. ತೋಳ, ನರಿಗಳನ್ನು ಕುರಿಹಿಂಡಿನ ರಕ್ಷಣೆಗಾಗಿ ಕೊಲ್ಲುತ್ತಿದ್ದರು. ತುಂಗಭದ್ರೆಯ ಆಚೆ ದಂಡೆಯ ಸಿರುಗುಪ್ಪದ ಎರೆಬಯಲು ಇಂದು ಅಳಿವಿನಂಚಿನಲ್ಲಿರುವ ಎರೆಭೂತ ಹಕ್ಕಿಯ ಕರ್ನಾಟಕದ ಕೊನೆಯ ನೆಲೆಗಳಲ್ಲಿ ಒಂದು.

ಈ ಬಯಲಿನ ಮೊಲ ಕತ್ತಿನ ಹಿಂದೆ ಕಪ್ಪು ಮಚ್ಚೆಯುಳ್ಳ ಜಾತಿಯದು. ಅದು ಬಿಲ ತೋಡುವುದಿಲ್ಲ. ಹಗಲೆಲ್ಲ ಹುಲ್ಲಿನ ಬುಡದಲ್ಲೋ ಕೂಳೆಯ ಮರೆಯಲ್ಲೋ ಮೈಯಷ್ಟೇ ಅಗಲದ ಹಕ್ಕೆ ಮಾಡಿಕೊಂಡು ಕಿವಿ ಮಡಚಿ ಕೂರುತ್ತದೆ. ಕಾಲಿಗೆ ಸಿಗುವಷ್ಟು ಹತ್ತಿರ ಬರುವವರೆಗೂ ಏಳುವುದಿಲ್ಲ. ಎದ್ದರೆ ನೇರ ಓಡದೆ ಅಡ್ಡಾದಿಡ್ಡಿ ತಿರುಗುತ್ತದೆ. ಹಿಂಗಾಲು ಉದ್ದವಾಗಿರುವುದರಿಂದ ಏರನ್ನು ಸುಲಭವಾಗಿ ಹತ್ತುತ್ತದೆ, ಇಳಿಜಾರಿನಲ್ಲಿ ತಡವರಿಸುತ್ತದೆ. ನೆಗೆಯುವಾಗ ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಊರುವುದರಿಂದ ಹುಡಿಮಣ್ಣಿನ ಮೇಲೆ ಜೋಡಿ ಹಿಂಗಾಲಿನ ಗುರುತು ಮುಂದೆ, ಮುಂಗಾಲಿನ ಗುರುತು ಹಿಂದೆ ಬೀಳುತ್ತದೆ. ಹೊಸಬ ಈ ಹೆಜ್ಜೆಯನ್ನು ತಿರುವುಮುರುವಾಗಿ ಓದಿ ಮೊಲ ಬಂದ ದಿಕ್ಕಿಗೇ ಹೊರಡುತ್ತಾನೆ. ಬೇಟೆ ಕಲಿಯುವ ಹುಡುಗನಿಗೆ ಮೊದಲ ಪಾಠ ಹೆಚ್ಚಾಗಿ ಇಂಥ ಹೆಜ್ಜೆ ಓದುವುದೇ ಆಗಿರುತ್ತಿತ್ತು.

ಮೂಲ ಮತ್ತು ಇತಿಹಾಸ

ದೇವದುರ್ಗಕ್ಕೆ ನೆರೆಯ ಸುರಪುರ ಸೀಮೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ಹಳೆ ಶಿಲಾಯುಗದ ನೆಲೆಗಳನ್ನು ವಿಸ್ತಾರವಾಗಿ ಶೋಧಿಸಿದ್ದಾರೆ. ಇಸಾಂಪುರದಲ್ಲಿ ಕಲ್ಲಿನ ಉಪಕರಣಗಳನ್ನು ತಯಾರಿಸುತ್ತಿದ್ದ ಜಾಗವೇ ಸಿಕ್ಕಿದೆ. ಆ ಕಾಲದ ಜನ ಬೇಟೆ ಮತ್ತು ಸಂಗ್ರಹಣೆಯಿಂದ ಬದುಕಿದವರು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ ಎಫ್. ಆರ್. ಆಲ್ಚಿನ್ ನಡೆಸಿದ ಉತ್ಖನನ ನವಶಿಲಾಯುಗದ ದನಗಾಹಿ ಬದುಕನ್ನು ಬೆಳಕಿಗೆ ತಂದಿತು. ಆ ಹೊತ್ತಿಗಾಗಲೇ ದನ, ಕುರಿ, ಮೇಕೆಗಳ ಸಾಕಣೆ ಆಹಾರದ ಆಧಾರವಾಗಿ ಬೇಟೆ ಎರಡನೆಯ ಸ್ಥಾನಕ್ಕೆ ಸರಿದಿತ್ತು. ಈ ಸೀಮೆಯಲ್ಲಿ ಬೇಟೆ ಕಳೆದ ನಾಲ್ಕು ಸಾವಿರ ವರ್ಷಗಳಿಂದ ಪಶುಪಾಲನೆ ಮತ್ತು ಬೇಸಾಯಗಳ ಜೊತೆಗಾರನಾಗಿ ಇದೆಯೇ ಹೊರತು ಒಂಟಿಯಾಗಿ ಇದ್ದದ್ದು ಅಪರೂಪ.

ಬೇಟೆಯನ್ನು ತಡೆಯುವ ರಾಜಾಜ್ಞೆಗೂ ಇಲ್ಲಿನ ಇತಿಹಾಸದಲ್ಲಿ ಸ್ಥಾನವಿದೆ. ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಕಿರುಶಾಸನ ಅಶೋಕನ ಹೆಸರನ್ನೇ ನಮೂದಿಸಿದ್ದರಿಂದ ಪ್ರಸಿದ್ಧ. ಅದರಲ್ಲಿ ಬೇಟೆಯ ಪ್ರಸ್ತಾಪವಿಲ್ಲ. ಆದರೆ ಅದೇ ದೊರೆಯ ಎಂಟನೆಯ ಬಂಡೆಶಾಸನ, ಹಿಂದಿನ ಅರಸರು ಬೇಟೆಗಾಗಿ ವಿಹಾರಯಾತ್ರೆ ಹೋಗುತ್ತಿದ್ದರು, ತಾನು ಅದರ ಬದಲು ಧರ್ಮಯಾತ್ರೆ ಆರಂಭಿಸಿದೆ ಎಂದು ಹೇಳುತ್ತದೆ. ಐದನೆಯ ಸ್ತಂಭಶಾಸನ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊಡುತ್ತದೆ. ಕಂದಹಾರದ ಗ್ರೀಕ್ ಮತ್ತು ಅರಮೇಯಿಕ್ ಶಾಸನದಲ್ಲಿ ಅರಸನ ಬೇಟೆಗಾರರೂ ಮೀನುಗಾರರೂ ತಮ್ಮ ಕಸುಬನ್ನು ನಿಲ್ಲಿಸಿದರೆಂಬ ಮಾತಿದೆ.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸ ಅರಸರ ವಿನೋದಗಳನ್ನು ವರ್ಗೀಕರಿಸುವಾಗ ಮೃಗಯೆ, ನಾಯಿಗಳ ಬೇಟೆ, ಡೇಗೆಯಿಂದ ಹಕ್ಕಿ ಹಿಡಿಸುವುದು, ಮೀನು ಹಿಡಿಯುವುದು ಇವುಗಳಿಗೆ ಪ್ರತ್ಯೇಕ ಅಧ್ಯಾಯಗಳನ್ನು ಕೊಟ್ಟಿದೆ. ಕನ್ನಡ ನಾಡಿನ ಬೇಟೆಯ ಅತ್ಯಂತ ಕಟುವಾದ ದಾಖಲೆ ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು. ಕ್ರಿ.ಶ. 949ರ ಈ ಕಲ್ಲು, ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತದ್ದನ್ನು ಚಿತ್ರ ಮತ್ತು ಬರಹಗಳಲ್ಲಿ ಉಳಿಸಿದೆ. ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ ಉದಾಹರಣೆ ಅಪೂರ್ವವಾದದ್ದು. ಹಂಪಿಯ ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಜಿಂಕೆ ಬೇಟೆಯ ದೃಶ್ಯಗಳಿವೆ.

ದೋಆಬಿನಲ್ಲಿ ಬೇಟೆಯ ಕೌಶಲ ಯುದ್ಧದ ಕೌಶಲವಾಗಿ ಬದಲಾದದ್ದು ಬೇಡ ನಾಯಕರ ಕಾಲದಲ್ಲಿ. ಸಗರ, ವಾಗಣಗೇರಾ, ಆಮೇಲೆ ಸುರಪುರ ಇವರ ರಾಜಧಾನಿಗಳಾದವು. ದೇವದುರ್ಗವೂ ಬೇಡ ಪಾಳೆಯಗಾರರ ಗಟ್ಟಿ ನೆಲೆಯಾಗಿತ್ತು. 1705ರಲ್ಲಿ ಔರಂಗಜೇಬನು ಸ್ವತಃ ನಿಂತು ವಾಗಣಗೇರಾವನ್ನು ಮುತ್ತಬೇಕಾಯಿತು. ಅದು ಅವನ ಕೊನೆಯ ದಂಡಯಾತ್ರೆ. ಮದ್ದಿನ ಕೋವಿ ಹಿಡಿದ ಬೇಡ ಕಾಲಾಳುಗಳ ಗುರಿ ಹೆಸರುವಾಸಿಯಾಗಿತ್ತು. ಬಂಡೆಯ ಮರೆಯಿಂದ ಬಂಡೆಗೆ ಸರಿಯುವುದು, ಸದ್ದಿಲ್ಲದೆ ಕಾಯುವುದು, ರಾತ್ರಿ ದಾರಿ ಬಲ್ಲವರಾಗಿರುವುದು, ಹೀಗೆ ಬೇಟೆಯಲ್ಲಿ ಕಲಿತದ್ದೆಲ್ಲ ದಂಡಿನಲ್ಲಿ ಬಳಕೆಯಾಯಿತು. ಸುರಪುರದಲ್ಲಿ 1841ರಿಂದ ರಾಜಕೀಯ ಪ್ರತಿನಿಧಿಯಾಗಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಸಮಾಜದ ವಿವರವಾದ ಚಿತ್ರ ಕೊಟ್ಟಿದ್ದಾನೆ. ಬಾಲಕನಾಗಿದ್ದಾಗ ಅವನ ಮೇಲ್ವಿಚಾರಣೆಯಲ್ಲಿ ಬೆಳೆದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದ.

ಆಯುಧ ಬೇಡರ ಮನೆಗಳಲ್ಲಿ ತಂದೆಯಿಂದ ಮಗನಿಗೆ ಬರುವ ಸೊತ್ತಾಗಿತ್ತು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಆಯುಧಗಳನ್ನು ಒಪ್ಪಿಸಬೇಕೆಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ದಂಗೆ ಎದ್ದರು. ದಂಗೆಯನ್ನು ಅಡಗಿಸಿ ಹಲವರನ್ನು ಗಲ್ಲಿಗೇರಿಸಲಾಯಿತು. ಈ ಘಟನೆಯ ಲಾವಣಿಯನ್ನು ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ. ಹಲಗಲಿಯವರ ಪ್ರತಿಭಟನೆಯನ್ನು ಬರೀ ರಾಜಕೀಯ ದಂಗೆಯೆಂದು ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ. ಕೋವಿ, ಕತ್ತಿ ಕಸಿದುಕೊಂಡರೆ ಮುಂದಿನ ತಲೆಮಾರಿಗೆ ಕೊಡಲು ಏನೂ ಉಳಿಯದ ಜನರ ಸಂಕಟವೂ ಅದರಲ್ಲಿತ್ತು.

ರಾಯಚೂರು ಜಿಲ್ಲೆ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು.

ಬೇಟೆಗಾರ ಸಮುದಾಯಗಳು

*ಬೇಡ, ನಾಯಕ, ವಾಲ್ಮೀಕಿ.* ಸಂಖ್ಯೆಯಲ್ಲಿ ಈ ಭಾಗದ ದೊಡ್ಡ ಸಮುದಾಯ. 1991ರ ತಿದ್ದುಪಡಿಯಿಂದ ಈ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯ್ಕಡ ಎಂಬುದರ ಜೊತೆ ಸೇರಿದವು. ದೇವದುರ್ಗ ಮತ್ತು ಮಾನ್ವಿ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ಸಮುದಾಯ ತನ್ನನ್ನು ಎರಡು ಬೇಟೆಗಾರರ ಕಥೆಗಳ ಮೂಲಕ ಗುರುತಿಸಿಕೊಳ್ಳುತ್ತದೆ. ಒಬ್ಬ ತಾನು ಬೇಟೆಯಾಡಿ ತಂದ ಮಾಂಸವನ್ನೇ ಶಿವನಿಗೆ ಅರ್ಪಿಸಿ ಕಣ್ಣನ್ನೂ ಕಿತ್ತುಕೊಟ್ಟ ಕಣ್ಣಪ್ಪ. ಹರಿಹರ ಅವನ ಮೇಲೆ ರಗಳೆ ಬರೆದಿದ್ದಾನೆ. ಇನ್ನೊಬ್ಬ, ಜನಪ್ರಿಯ ಕಥೆಯಂತೆ ಬೇಡನಾಗಿದ್ದು ಕವಿಯಾದ ವಾಲ್ಮೀಕಿ. ಕ್ರೌಂಚಪಕ್ಷಿಗೆ ಬಾಣ ತಗುಲಿದ್ದನ್ನು ಕಂಡ ದುಃಖದಿಂದ ಅವನ ಮೊದಲ ಶ್ಲೋಕ ಹುಟ್ಟಿತೆಂದು ರಾಮಾಯಣ ಹೇಳುತ್ತದೆ. ಬೇಟೆಯನ್ನು ಭಕ್ತಿಯಾಗಿಸಿದವನೂ ಬೇಟೆಯನ್ನು ಬಿಟ್ಟವನೂ ಒಂದೇ ಸಮುದಾಯದ ಪೂರ್ವಿಕರ ಸಾಲಿನಲ್ಲಿ ಇರುವುದನ್ನು, ಇಂದಿನ ಯುವಕರ ಬೇಟೆಯ ಬಗೆಗಿನ ನಿಲುವುಗಳನ್ನು ಅಧ್ಯಯನ ಮಾಡುವವರು ಗಮನಿಸಬೇಕು.

*ಪಾರ್ಧಿ, ಹರಣಶಿಕಾರಿ, ಚಿಗರಿಬೇಟೆಗಾರ.* ಬೇಟೆಯೇ ಕುಲಕಸುಬಾಗಿದ್ದ ಅಲೆಮಾರಿಗಳು. ಅಡವಿಚಿಂಚೇರ, ಫಾಸೆ ಪಾರ್ಧಿ ಎಂಬ ಹೆಸರುಗಳೂ ಇವೆ. ಮನೆಯೊಳಗೆ ಗುಜರಾತಿ ಮೂಲದ ವಾಘ್ರಿ ಬಗೆಯ ಮಾತಾಡುತ್ತಾರೆ. ಸೈಯದ್ ಸಿರಾಜ್ ಉಲ್ ಹಸನ್ 1920ರಲ್ಲಿ ಪ್ರಕಟಿಸಿದ ನಿಜಾಮ್ ಸಂಸ್ಥಾನದ ಜಾತಿ ಮತ್ತು ಬುಡಕಟ್ಟುಗಳ ಗ್ರಂಥದಲ್ಲಿ ಬೇಡರ ಜೊತೆಗೆ ಪಾರ್ಧಿಗಳ ವಿವರವೂ ಇದೆ. ಬ್ರಿಟಿಷ್ ಭಾರತದಲ್ಲಿ 1871ರಿಂದ ಜಾರಿಯಾದ ಅಪರಾಧಿ ಬುಡಕಟ್ಟು ಕಾಯ್ದೆ ಇಂಥ ಸಮುದಾಯಗಳಲ್ಲಿ ಹುಟ್ಟಿದವರನ್ನು ಹುಟ್ಟಿನಿಂದಲೇ ಅಪರಾಧಿಗಳಂತೆ ಕಂಡಿತು. ಅದು 1952ರಲ್ಲಿ ರದ್ದಾಯಿತು. ಅದಾಗಿ ಇಪ್ಪತ್ತು ವರ್ಷಕ್ಕೆ ಬಂದ ವನ್ಯಜೀವಿ ಕಾಯ್ದೆ ಇವರ ಕಸುಬನ್ನೇ ಅಪರಾಧವಾಗಿಸಿತು. ವನ್ಯಜೀವಿಗಳನ್ನು ಉಳಿಸಲು ಆ ಕಾಯ್ದೆ ಬೇಕೇ ಬೇಕಿತ್ತು. ಆದರೆ ಜಮೀನಿಲ್ಲದ, ಅಕ್ಷರವಿಲ್ಲದ ಜನರಿಗೆ ಬದಲಿ ಬದುಕು ಕಟ್ಟಿಕೊಡುವ ಕೆಲಸ ಅದರ ಜೊತೆಜೊತೆಗೇ ನಡೆಯಲಿಲ್ಲ.

*ಇತರರು.* ಕುರಿ ಕಾಯುವವರು ನಾಯಿ ಸಾಕಿ ಮೊಲದ ಬೇಟೆಯಾಡುತ್ತಿದ್ದರು. ಊರ ಗೌಡರು, ಜಹಗೀರುದಾರರು, ನಿಜಾಮನ ಅಧಿಕಾರಿಗಳು ಕೋವಿಯ ಶಿಕಾರಿ ನಡೆಸುತ್ತಿದ್ದರು. ಇವರಿಗೆ ದಾರಿ ತೋರುವ, ಸೋಹುವ ಕೆಲಸ ಮಾಡುತ್ತಿದ್ದವರು ಸ್ಥಳೀಯ ಬೇಟೆಗಾರರೇ.

ಕಲಿಕೆಯ ಕ್ರಮ

ಬೇಟೆಗೆ ಶಾಲೆಯಿರಲಿಲ್ಲ, ಆದರೆ ಕ್ರಮವಿತ್ತು. ಹುಡುಗ ಮೊದಲು ದನ ಕಾಯುತ್ತ ಅಥವಾ ಕುರಿಯ ಹಿಂದೆ ತಿರುಗುತ್ತ ನೆಲದ ಪರಿಚಯ ಮಾಡಿಕೊಳ್ಳುತ್ತಿದ್ದ. ಯಾವ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಕೌಜುಗ ಯಾವ ಬೇಲಿಯ ಬುಡದಲ್ಲಿ ಕೂಗುತ್ತದೆ, ಹಂದಿ ಯಾವ ಕೆಸರಿನಲ್ಲಿ ಹೊರಳುತ್ತದೆ ಎಂಬುದು ಹೀಗೆ ತಿಳಿಯುತ್ತಿತ್ತು. ಕವಣೆ ಮತ್ತು ಬಡಿಗೆ ಅವನ ಮೊದಲ ಆಯುಧಗಳು. ಆಮೇಲೆ ನಾಯಿಯ ಹಗ್ಗ ಹಿಡಿಯುವ ಕೆಲಸ. ನಾಯಿಯನ್ನು ಯಾವಾಗ ಬಿಡಬೇಕೆಂಬುದು ಹಿರಿಯರ ಸನ್ನೆಯಿಂದ ತೀರ್ಮಾನವಾಗುವುದರಿಂದ, ಹಗ್ಗ ಹಿಡಿದವನು ಸುಮ್ಮನಿರುವುದನ್ನು ಕಲಿಯಲೇಬೇಕಿತ್ತು. ಮೂರನೆಯ ಹಂತ ಸೋಹಿನ ಸಾಲಿನಲ್ಲಿ ನಿಲ್ಲುವುದು. ಈಟಿ ಅಥವಾ ಕೋವಿ ಕೈಗೆ ಬರುವುದು ಎಲ್ಲಕ್ಕಿಂತ ಕೊನೆಗೆ.

ಪಾರ್ಧಿ ಕುಟುಂಬಗಳಲ್ಲಿ ಕಲಿಕೆ ಇನ್ನೂ ಚಿಕ್ಕ ವಯಸ್ಸಿನಲ್ಲಿ ಆರಂಭವಾಗುತ್ತಿತ್ತು. ಮಕ್ಕಳು ಕೌಜುಗದ, ಲಾವಕ್ಕಿಯ ಕೂಗನ್ನು ಬಾಯಲ್ಲೇ ಅನುಕರಿಸುವುದನ್ನು ಆಟದಂತೆ ರೂಢಿಸಿಕೊಳ್ಳುತ್ತಿದ್ದರು. ಉರುಲು ಹೊಸೆಯುವುದು, ಗೂಟ ನೆಡುವುದು, ಕಟ್ಟಿದ್ದನ್ನು ಸಿಕ್ಕಾಗದಂತೆ ಸುತ್ತಿಡುವುದು ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಹಿಡಿದದ್ದನ್ನು ಸಂತೆಯಲ್ಲಿ ಮಾರುವುದರಲ್ಲಿ ಹೆಂಗಸರ ಪಾಲು ದೊಡ್ಡದು. ಹೀಗೆ ತಾಯಿ, ಅಜ್ಜಿಯರೂ ಈ ವಿದ್ಯೆಯ ಗುರುಗಳಾಗಿದ್ದರು.

ಪಾಲು ಹಂಚುವುದು ಕಲಿಕೆಯ ಭಾಗವೇ ಆಗಿತ್ತು. ಕರ್ನಾಟಕದ ಗುಂಪು ಬೇಟೆಗಳಲ್ಲಿ ಮೊದಲು ಗುರಿ ಮುಟ್ಟಿಸಿದವನಿಗೆ ವಿಶೇಷ ಪಾಲು, ನಾಯಿಗೆಂದು ಅದರ ಒಡೆಯನಿಗೆ ಒಂದು ಪಾಲು, ಸೋಹಿದವರಿಗೆ ಸಮಪಾಲು ಕೊಡುವುದು ವ್ಯಾಪಕವಾದ ರೂಢಿ. ಏನೂ ಹೊಡೆಯದ ಹುಡುಗನೂ ಪಾಲು ಹೊತ್ತು ಮನೆಗೆ ಹೋಗುತ್ತಿದ್ದ.

ಬೇರೆಡೆ ಇದೇ ಹಸ್ತಾಂತರ ಬೇರೆ ರೂಪ ಪಡೆದಿದೆ. ಕೊಡವರಲ್ಲಿ ಗಂಡುಮಗು ಹುಟ್ಟಿದಾಗ ಕೋವಿಯಿಂದ ಗುಂಡು ಹಾರಿಸುತ್ತಾರೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸುತ್ತಾರೆ. ಬೇಟೆ ನಿಂತರೂ ಕೋವಿಯ ಗೌರವ ಅಲ್ಲಿ ಉಳಿದಿದೆ. ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ಜರ್ಮನಿಯಲ್ಲಿ ಕಠಿಣ ಪರೀಕ್ಷೆಯ ನಂತರ 16ನೆಯ ವಯಸ್ಸಿಗೆ ಯುವ ಬೇಟೆಗಾರರ ಪರವಾನಗಿ ಸಿಗುತ್ತದೆ. ಅಲ್ಲಿ ಹಿರಿಯರ ಜಾಗದಲ್ಲಿ ಸರ್ಕಾರವೇ ಗುರುವಾಗಿದೆ.

ಬೇಟೆಯ ವಿಧಗಳು

*ಉರುಲಿನ ಬೇಟೆ.* ಚಿಗರಿ ಹಿಡಿಯಲು ಪಾರ್ಧಿಗಳು ಬಳಸುತ್ತಿದ್ದ ವಿಧಾನ ಇವುಗಳಲ್ಲೆಲ್ಲ ಸೂಕ್ಷ್ಮವಾದದ್ದು. ಪ್ರಾಣಿಯ ನರದಿಂದ ಹೊಸೆದ ಕುಣಿಕೆಗಳನ್ನು ಉದ್ದನೆಯ ಹಗ್ಗಕ್ಕೆ ಸಾಲಾಗಿ ಕಟ್ಟಿ, ಗೂಟಗಳಿಂದ ನೆಲಕ್ಕೆ ಬಿಗಿದು, ಚಿಗರಿ ಓಡಾಡುವ ಜಾಡಿಗೆ ಅಡ್ಡಲಾಗಿ ಹಾಸುತ್ತಿದ್ದರು. ಬಳಿಕ ಬೇಟೆಗಾರ ಪಳಗಿಸಿದ ಎತ್ತಿನ ಮರೆಯಲ್ಲಿ ಬಾಗಿ ನಡೆಯುತ್ತ, ಎತ್ತು ಮೇಯುವಂತೆ ನಿಲ್ಲಿಸುತ್ತ, ಹಿಂಡನ್ನು ನಿಧಾನವಾಗಿ ಉರುಲಿನ ಕಡೆಗೆ ಸರಿಸುತ್ತಿದ್ದ. ಬಯಲಿನಲ್ಲಿ ಮೇಯುವ ಎತ್ತಿಗೆ ಚಿಗರಿ ಹೆದರುವುದಿಲ್ಲ ಎಂಬುದೇ ಈ ವಿಧಾನದ ಆಧಾರ. ಪಳಗಿಸಿದ ಗಂಡು ಚಿಗರಿಯ ಕೊಂಬಿಗೆ ಕುಣಿಕೆ ಕಟ್ಟಿ ಬಿಟ್ಟು, ಕಾದಾಡಲು ಬಂದ ಕಾಡು ಚಿಗರಿಯ ಕೊಂಬು ಅದರಲ್ಲಿ ಸಿಕ್ಕಿಕೊಳ್ಳುವಂತೆ ಮಾಡುವ ಕ್ರಮ ಮೊಗಲರ ಕಾಲದ ಐನ್-ಇ-ಅಕ್ಬರಿಯಲ್ಲಿ ವರ್ಣಿತವಾಗಿದೆ.

*ಶಿವಂಗಿ ಬೇಟೆ.* ಪಳಗಿಸಿದ ಶಿವಂಗಿಯನ್ನು (ಚೀತಾ) ಗಾಡಿಯಲ್ಲಿ ಕೊಂಡೊಯ್ದು ಚಿಗರಿಯ ಮೇಲೆ ಬಿಡುವುದು. ಇದು ಅರಸರ ವಿನೋದ. ಪಾರ್ಧಿಗಳ ಒಂದು ಪಂಗಡ ಶಿವಂಗಿ ಪಳಗಿಸುವುದರಲ್ಲಿ ನುರಿತಿತ್ತು. 1952ರಲ್ಲಿ ಭಾರತದಲ್ಲಿ ಶಿವಂಗಿ ಅಳಿದುಹೋಯಿತೆಂದು ಘೋಷಿಸಲಾಯಿತು. ಆ ಪ್ರಾಣಿಯ ಜೊತೆಗೇ ಆ ವಿದ್ಯೆಯೂ ಕೊನೆಯಾಯಿತು.

*ಸೋಹಿನ ಬೇಟೆ.* ಊರ ಗಂಡಸರು ಬಡಿಗೆ, ಕೊಡಲಿ, ಈಟಿ, ಬಲೆ ಹಿಡಿದು ಹೊಲ ಅಥವಾ ಗುಡ್ಡವನ್ನು ಸುತ್ತುವರಿದು ನಡೆಸುವ ಸಾಮೂಹಿಕ ಬೇಟೆ. ಮೊಲ, ಕಾಡುಹಂದಿ ಇದರ ಗುರಿ.

*ನಾಯಿ ಬೇಟೆ.* ಉತ್ತರ ಕರ್ನಾಟಕದ ಬಯಲಿಗೆ ಹೊಂದಿದ ತಳಿ ಮುಧೋಳ ನಾಯಿ. ಉದ್ದ ಮೂತಿ, ಆಳವಾದ ಎದೆ, ಒಳಸೇರಿದ ಹೊಟ್ಟೆ, ತೆಳ್ಳನೆಯ ಉದ್ದ ಕಾಲುಗಳ ಈ ನಾಯಿ ವಾಸನೆಗಿಂತ ಕಣ್ಣಿನಿಂದ ಬೇಟೆಯಾಡುತ್ತದೆ. ಮುಧೋಳದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿದರು. ಮೊಲದ ಹಿಂದೆ ಸಾಮಾನ್ಯವಾಗಿ ಜೋಡಿ ನಾಯಿಗಳನ್ನು ಬಿಡುತ್ತಾರೆ. ಒಂದು ಅಟ್ಟುತ್ತದೆ, ಮೊಲ ತಿರುಗಿದಾಗ ಇನ್ನೊಂದು ಅಡ್ಡ ಬರುತ್ತದೆ.

*ಕೋವಿ ಬೇಟೆ ಮತ್ತು ಸಿಡಿಮದ್ದು.* ನಾಡಕೋವಿ, ತಲೆಗೆ ಕಟ್ಟಿದ ಬ್ಯಾಟರಿ, ಬೈಕು ಬಂದ ಮೇಲೆ ರಾತ್ರಿ ಬೇಟೆ ಹೆಚ್ಚಿತು. ಹಿಟ್ಟಿನಲ್ಲೋ ಮಾಂಸದಲ್ಲೋ ಸಿಡಿಮದ್ದು ಹುದುಗಿಸಿ ಹಂದಿಗೆ ಇಡುವುದು, ಬೇಲಿಗೆ ಕಳ್ಳ ವಿದ್ಯುತ್ ಹರಿಸುವುದು ಇತ್ತೀಚಿನ ಪಿಡುಗುಗಳು. ದನ, ನಾಯಿ, ಮನುಷ್ಯರೂ ಇವಕ್ಕೆ ಬಲಿಯಾಗುತ್ತಾರೆ. ಇವುಗಳಿಗೆ ಕಲಿಕೆ ಬೇಕಿಲ್ಲ, ಹೆಜ್ಜೆ ಓದುವ ಕಣ್ಣೂ ಬೇಕಿಲ್ಲ. ತಲೆಮಾರಿನ ಬೇಟೆಯ ವ್ಯಾಖ್ಯೆಯೊಳಗೆ ಇವನ್ನು ಸೇರಿಸುವುದು ಸರಿಯಲ್ಲ.

ಯುಗಾದಿ ಬೇಟೆ

ಇಂದಿನ ಯುವಕರಿಗೆ ಬೇಟೆಯ ಪರಿಚಯವಾಗುವುದು ಬಹುಮಟ್ಟಿಗೆ ಯುಗಾದಿಯ ಹೊತ್ತಿನಲ್ಲಿ. ಹಬ್ಬ ಮುಗಿದ ಬಳಿಕ ಊರ ಯುವಕರು ಗುಂಪಾಗಿ ಮೊಲದ ಬೇಟೆಗೆ ಹೋಗುವ ರೂಢಿ ಜಿಲ್ಲೆಯ ಕೆಲವು ಊರುಗಳಲ್ಲಿ ಇದೆ. ಕಾಲದ ಆಯ್ಕೆಗೆ ಬೇಸಾಯವೇ ಕಾರಣ. ಎರೆಹೊಲದ ಬಿಳಿಜೋಳ, ಕಡಲೆ ಕೊಯ್ಲು ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಹೊಲ ಬೋಳಾಗಿ ಮೊಲಕ್ಕೆ ಮರೆ ಉಳಿದಿರುವುದಿಲ್ಲ. ಮುಂಗಾರಿಗೆ ಇನ್ನೂ ಎರಡು ತಿಂಗಳಿರುವುದರಿಂದ ಆಳುಗಳಿಗೆ ಬಿಡುವು. ಹಿಡಿದ ಮೊಲಗಳನ್ನು ಬಡಿಗೆಗೆ ಕಟ್ಟಿ ಊರೊಳಗೆ ಮೆರವಣಿಗೆ ಮಾಡುವುದೂ ಉಂಟು.

2025ರ ಯುಗಾದಿಯ ನಂತರ ಸಿಂಧನೂರು ತಾಲ್ಲೂಕಿನ ತುರ್ವಿಹಾಳದಲ್ಲಿ ಕೊಂದ ಮೊಲಗಳನ್ನು ಹಿಡಿದು ನಡೆದ ಮೆರವಣಿಗೆಯ ದೃಶ್ಯಗಳು ಮೊಬೈಲ್‌ಗಳಲ್ಲಿ ಹರಡಿ, ಅರಣ್ಯ ಇಲಾಖೆ ಪ್ರಕರಣ ದಾಖಲಿಸಿತು. ಹಿಂದೆ ಊರ ಗಡಿಯೊಳಗೇ ಮುಗಿಯುತ್ತಿದ್ದ ಆಚರಣೆ ಹೀಗೆ ಕಾನೂನಿನ ಕಣ್ಣಿಗೆ ಬೀಳುವಂತಾಯಿತು.

ಇದಕ್ಕೆ ಸಮಾನವಾದ ಆಚರಣೆಗಳು ಬೇರೆಡೆಯೂ ಇವೆ. ಜಾರ್ಖಂಡ್‌ನ ದಲ್ಮಾ ಬೆಟ್ಟದಲ್ಲಿ, ಪಶ್ಚಿಮ ಬಂಗಾಳದ ಅಯೋಧ್ಯಾ ಬೆಟ್ಟದಲ್ಲಿ ಆದಿವಾಸಿಗಳು ಬೇಸಿಗೆಯಲ್ಲಿ ವಾರ್ಷಿಕ ಬೇಟೆ ಹಬ್ಬ ನಡೆಸುತ್ತಾರೆ. ಅಲ್ಲಿ ಅರಣ್ಯಾಧಿಕಾರಿಗಳು ಹಬ್ಬಕ್ಕೆ ಮೊದಲೇ ಊರ ಹಿರಿಯರೊಡನೆ ಮಾತುಕತೆ ನಡೆಸಿ ಸಂಕೇತದ ಬೇಟೆಗೆ ಒಪ್ಪಿಸಲು ಯತ್ನಿಸುತ್ತ ಬಂದಿದ್ದಾರೆ. ಕರ್ನಾಟಕದಲ್ಲೇ ರಕ್ತವಿಲ್ಲದ ಮಾದರಿಯೊಂದಿದೆ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಕಂಚೀಪುರದಲ್ಲಿ ಸಂಕ್ರಾಂತಿಗೆ ಜೀವಂತ ಮೊಲ ಹಿಡಿದು ತಂದು, ಪೂಜಿಸಿ, ಕಿವಿಗೆ ಓಲೆ ತೊಡಿಸಿ ಮತ್ತೆ ಬಯಲಿಗೆ ಬಿಡುತ್ತಾರೆ. ಶಿರಸಿಯಲ್ಲಿ ಹೋಳಿಯ ಸಮಯದಲ್ಲಿ ಎರಡು ವರ್ಷಕ್ಕೊಮ್ಮೆ ಯುವಕರು ಕಟ್ಟುವ ಬೇಡರ ವೇಷದಲ್ಲಿ ಬೇಟೆಗಾರನ ಆವೇಶ ಕುಣಿತವಾಗಿ ಮಾತ್ರ ಉಳಿದಿದೆ. ರಾಯಚೂರು ಸೀಮೆಯ ಯುಗಾದಿ ಬೇಟೆಗೆ ಇಂಥ ರೂಪಾಂತರ ಇನ್ನೂ ಆಗಿಲ್ಲ. ಆಗಲು ಅಡ್ಡಿಯೇನೂ ಇಲ್ಲ, ಕಂಚೀಪುರದ ಉದಾಹರಣೆಯೇ ಅದಕ್ಕೆ ಸಾಕ್ಷಿ.

ಉಪಯೋಗಗಳು

ಮಾಂಸ ಮೊದಲನೆಯದು. ಬರದ ನಾಡಿನಲ್ಲಿ ಬೇಸಿಗೆಯ ತಿಂಗಳುಗಳ ಊಟಕ್ಕೆ ಮೊಲ, ಕೌಜುಗಗಳ ಮಾಂಸ ಒದಗುತ್ತಿತ್ತು. ಚಿಗರಿಯ ಚರ್ಮ ಜಪತಪದ ಆಸನವಾಗಿ ಮಾರಾಟವಾಗುತ್ತಿತ್ತು. ಉಡದ ಕೊಬ್ಬಿನ ಎಣ್ಣೆಯನ್ನು ನೋವಿನ ಮದ್ದೆಂದು ಹಚ್ಚುತ್ತಿದ್ದರು. ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಬೆಳೆ ಕಾಯುವುದು ಇನ್ನೊಂದು ಉಪಯೋಗ. ಶೇಂಗಾ, ಜೋಳದ ಹೊಲಕ್ಕೆ ನುಗ್ಗುವ ಹಂದಿಯನ್ನು ಹೊಡೆಯುವವನಿಗೆ ಊರಿನಲ್ಲಿ ಮರ್ಯಾದೆಯಿತ್ತು.

ಕಾನೂನು

ವನ್ಯಜೀವಿ ಕಾಯ್ದೆಯ 9ನೆಯ ಕಲಂ ಅನುಸೂಚಿತ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಗಿ ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು. ಚಿಗರಿ, ತೋಳ, ಉಡ, ಎರೆಭೂತ ಒಂದನೆಯ ಅನುಸೂಚಿಯಲ್ಲಿವೆ. ಇವುಗಳ ಬೇಟೆಗೆ ಕನಿಷ್ಠ 3, ಗರಿಷ್ಠ 7 ವರ್ಷ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ. ಮೊಲ, ಕಾಡುಹಂದಿ ಎರಡನೆಯ ಅನುಸೂಚಿಗೆ ಸೇರಿವೆ. ಇವುಗಳ ಬೇಟೆಗೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮೊಲ ಸಣ್ಣ ಪ್ರಾಣಿ, ಅದಕ್ಕೆ ಕಾನೂನು ಇಲ್ಲ ಎಂಬ ಹಳ್ಳಿಯ ನಂಬಿಕೆ ಪೂರ್ತಿ ತಪ್ಪು. ಹಬ್ಬ, ಸಂಪ್ರದಾಯಗಳಿಗೆ ಕಾಯ್ದೆಯಲ್ಲಿ ವಿನಾಯಿತಿಯಿಲ್ಲ.

1959ರ ಆಯುಧ ಕಾಯ್ದೆಯಂತೆ 21 ವರ್ಷ ತುಂಬದವರು ಬಂದೂಕು ಹೊಂದುವಂತಿಲ್ಲ. ಬೆಳೆ ರಕ್ಷಣೆಗೆ ಮದ್ದು ತುಂಬುವ ಕೋವಿಯ ಪರವಾನಗಿಗೆ ಅವಕಾಶವಿದೆ. ಆದರೆ ಆ ಪರವಾನಗಿ ಪ್ರಾಣಿ ಕೊಲ್ಲಲು ಅನುಮತಿಯಲ್ಲ. ಬೆಳೆಗೆ ಅಪಾಯಕಾರಿಯಾದ ಎರಡನೆಯ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ವನ್ಯಜೀವಿ ಕಾಯ್ದೆಯ 11ನೆಯ ಕಲಂ ಅಡಿಯಲ್ಲಿ ಅಧಿಕಾರಿಯಿಂದ ಪ್ರತ್ಯೇಕ ಲಿಖಿತ ಆದೇಶ ಬೇಕು.

ಇಂದಿನ ಸ್ಥಿತಿ

ಬೇಟೆ ಕುಗ್ಗಿದ್ದಕ್ಕೆ ಕಾನೂನಿಗಿಂತ ಮೊದಲೇ ನೀರಾವರಿ ಕಾರಣವಾಯಿತು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆ ಮಾನ್ವಿ, ಸಿಂಧನೂರು ಬಯಲನ್ನು ಭತ್ತದ ನಾಡಾಗಿ ಬದಲಿಸಿತು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಹೊಲಗಳಿಗೆ ಕೃಷ್ಣೆಯ ನೀರು ತಂದಿತು. ಹುಲ್ಲುಗಾವಲು, ಬೀಳುನೆಲ ಉಳುಮೆಗೆ ಒಳಗಾದಂತೆ ಚಿಗರಿಯ ಹಿಂಡು ಕರಗಿತು. ಚಿಗರಿ ಕಾಣದ ಊರಿನಲ್ಲಿ ಚಿಗರಿಯ ಉರುಲು ಹೊಸೆಯಲು ಕಲಿಯುವವರಾದರೂ ಯಾರು? ರಾಣೆಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗಗಳಿಗೆ ಅಭಯಾರಣ್ಯವಿದೆ.

ಎರಡನೆಯ ಕಾರಣ ಗುಳೆ. ದೇವದುರ್ಗ ಭಾಗದ ಒಣಬೇಸಾಯದ ಕುಟುಂಬಗಳ ಯುವಕರು ವರ್ಷದ ಹಲವು ತಿಂಗಳು ಬೆಂಗಳೂರು, ಪುಣೆ, ಹೈದರಾಬಾದ್‌ಗಳ ಕಟ್ಟಡ ಕೆಲಸದಲ್ಲಿರುತ್ತಾರೆ. ಹಬ್ಬಕ್ಕೆಂದು ಊರಿಗೆ ಬಂದಾಗ ಸಿಗುವ ನಾಲ್ಕಾರು ದಿನಗಳಲ್ಲಿ ನೆಲದ ಪರಿಚಯ ಆಗುವುದಿಲ್ಲ. ಹೀಗಾಗಿ ಅಜ್ಜನ ಬಳಿಯಿದ್ದ ವಿದ್ಯೆಯಲ್ಲಿ ಮೊಮ್ಮಗನಿಗೆ ದಕ್ಕಿದ್ದು ಬೇಟೆಯ ದಿನ ಮಾತ್ರ. ಹೆಜ್ಜೆ, ಹಕ್ಕೆ, ಕೂಗು, ಗಾಳಿಯ ದಿಕ್ಕು, ಪಾಲಿನ ನೇಮ ಅವನಿಗೆ ತಲುಪಿಲ್ಲ. ಹಿರಿಯ ಬೇಟೆಗಾರ ಮರಿಯಿರುವ ತಾಯಿಯನ್ನು ಗುರುತಿಸಿ ಬಿಟ್ಟುಬಿಡಬಲ್ಲವನಾಗಿದ್ದ. ಆ ಗುರುತೇ ತಿಳಿಯದವನಿಗೆ ಬಿಡುವ ಪ್ರಶ್ನೆ ಬರುವುದಿಲ್ಲ. ವಸತಿನಿಲಯ, ಆಶ್ರಮಶಾಲೆಗಳಲ್ಲಿ ಓದಿದ ಬೇಡ ಮತ್ತು ಪಾರ್ಧಿ ಕುಟುಂಬಗಳ ಮಕ್ಕಳು ಶಿಕ್ಷಣ, ಪೊಲೀಸ್, ಸಾರಿಗೆ, ರಾಜಕಾರಣಗಳಲ್ಲಿ ನೆಲೆ ಕಂಡಿದ್ದಾರೆ. ಅವರಲ್ಲಿ ಅನೇಕರಿಗೆ ಬೇಟೆ ಕುಲದ ಕಥೆ ಮಾತ್ರ.

ಬೇಟೆನಾಯಿಯ ಪಾಡು ಇದಕ್ಕಿಂತ ಚೆನ್ನಾಗಿದೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಈ ತಳಿಯ ಶುದ್ಧತೆ ಕಾಯುವ ಕೆಲಸ ಮಾಡುತ್ತಿದೆ. ಅಂಚೆ ಇಲಾಖೆ 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಹೊರಡಿಸಿತು. 2016ರಲ್ಲಿ ಭಾರತೀಯ ಸೇನೆ ಮೀರತ್‌ನ ತನ್ನ ಕೇಂದ್ರದಲ್ಲಿ ತರಬೇತಿ ನೀಡಲು ಈ ತಳಿಯ ಮರಿಗಳನ್ನು ಒಯ್ದಿತು. ಮರಿ ಸಾಕಿ ಮಾರುವುದು ಉತ್ತರ ಕರ್ನಾಟಕದ ಅನೇಕ ಯುವಕರಿಗೆ ಆದಾಯದ ದಾರಿಯಾಗಿದೆ.

ಕಾಡುಹಂದಿಯ ಹಾವಳಿ ಮಾತ್ರ ಬೇರೆಯದೇ ಸಮಸ್ಯೆ. ನೀರಾವರಿ ಬೆಳೆ ಮತ್ತು ಕಾಲುವೆ ದಂಡೆಯ ಜಾಲಿಪೊದೆ ಹಂದಿಗೆ ಮೇವು, ಮರೆ ಎರಡನ್ನೂ ಒದಗಿಸಿವೆ. ಅದನ್ನು ತಿನ್ನುವ ದೊಡ್ಡ ಪ್ರಾಣಿಗಳು ವಿರಳವಾಗಿವೆ. ಬೆಳೆ ಕಳೆದುಕೊಂಡ ರೈತ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಿ ಪರಿಹಾರ ಪಡೆಯಬಹುದು. ರಾತ್ರಿ ಹೊಲದ ಮಂಚಿಕೆಯಲ್ಲಿ ಕಾಯುವುದು, ತಮಟೆ ಬಡಿಯುವುದು, ಬೆಂಕಿ ಹಾಕುವುದು ಇವು ಕಾನೂನಿಗೆ ಒಳಪಟ್ಟ ಹಳೆಯ ಉಪಾಯಗಳು. ಹಂದಿ ಬರುವ ಜಾಡನ್ನು ಕೆಸರಿನ ಗುರುತಿನಿಂದ ಹೇಳಬಲ್ಲ ಮುದುಕರು ಇರುವ ಊರುಗಳಲ್ಲಿ ಕಾವಲಿನ ಜಾಗ ಗೊತ್ತುಮಾಡಲು ಈಗಲೂ ಅವರನ್ನೇ ಕೇಳುತ್ತಾರೆ.